ಪ್ರತಿ ಮತ್ತು ಪಾಠ: ಡಿಜಿಟಲ್ ಕೃತಿಗಳ ಬ್ಯಾಕಪ್ ಕುರಿತ ಒಂದು ವಿವೇಚನೆ

ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಬರೆಯಿಸಿ ಹಂಚಿದ್ದು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಪ್ರಸಿದ್ಧ ಸಂಗತಿ. ಆ ಭಾಗ್ಯ ಒಂದನೆಯ ಗುಣವರ್ಮನ ‘ಶೂದ್ರಕ’ಕ್ಕೆ ಒದಗಲಿಲ್ಲ, ಅದು ಉಳಿದಿರುವುದು ನಂತರದವರು ತಮ್ಮ ಗ್ರಂಥಗಳಲ್ಲಿ ಎತ್ತಿಕೊಂಡ ಪದ್ಯಗಳಲ್ಲಿ ಮಾತ್ರ. ಪ್ರತಿ ಹೆಚ್ಚಿದಷ್ಟೂ ಕೃತಿ ಉಳಿಯುವ ಸಂಭವ ಹೆಚ್ಚು ಎಂಬ ಈ ತಿಳಿವಳಿಕೆಯೇ ಇಂದಿನ ಬ್ಯಾಕಪ್ ಪದ್ಧತಿಗೂ ಆಧಾರ. ಆದರೆ ಡಿಜಿಟಲ್ ಕೃತಿಗೆ ಪ್ರತಿಗಳ ಸಂಖ್ಯೆಯೊಂದೇ ಸಾಲದು. ಪ್ರತಿಯನ್ನು ಆಗಾಗ ತೆರೆದು, ಮೂಲದೊಡನೆ ಹೋಲಿಸಿ ನೋಡುವುದೂ ಬ್ಯಾಕಪ್‌ನ ಅಂಗವೇ ಎಂಬುದು ಪ್ರಸ್ತುತ ಲೇಖನದ ವಾದ.

1. ಪರೀಕ್ಷೆಗೊಳಗಾಗದ ಪ್ರತಿ

1998ರಲ್ಲಿ ಪಿಕ್ಸಾರ್ ಸ್ಟುಡಿಯೊದಲ್ಲಿ ‘ಟಾಯ್ ಸ್ಟೋರಿ 2’ ಚಿತ್ರ ತಯಾರಾಗುತ್ತಿತ್ತು. ಯಾರೋ ಕೊಟ್ಟ ಒಂದು ಅಳಿಸುವ ಆದೇಶದಿಂದ ಪಾತ್ರಗಳ ಕಡತಗಳು ಒಂದೊಂದಾಗಿ ಮಾಯವಾಗತೊಡಗಿದವು. ವುಡಿ ಎಂಬ ಪಾತ್ರದ ಟೋಪಿ ಹೋಯಿತು, ಬೂಟು ಹೋಯಿತು, ಕೊನೆಗೆ ವುಡಿಯೇ ಇಲ್ಲವಾದ. ಸ್ಟುಡಿಯೊದ ಸಹಸ್ಥಾಪಕ ಎಡ್ ಕ್ಯಾಟ್‌ಮಲ್ ಅವರ ಪ್ರಕಾರ ಚಿತ್ರದ ಶೇ 90ರಷ್ಟು ಭಾಗ ಅಳಿದುಹೋಗಿತ್ತು. ಸಂಸ್ಥೆಗೆ ಬ್ಯಾಕಪ್ ವ್ಯವಸ್ಥೆ ಇರಲಿಲ್ಲವೆಂದಲ್ಲ. ಇತ್ತು, ಅದು ಸರಿಯಾಗಿ ನಡೆಯುತ್ತಿಲ್ಲವೆಂಬುದು ಮಾತ್ರ ಅಂದಿನವರೆಗೆ ಯಾರಿಗೂ ಗೊತ್ತಾಗಿರಲಿಲ್ಲ. ಮಗು ಹುಟ್ಟಿದ್ದರಿಂದ ಮನೆಯಿಂದಲೇ ಕೆಲಸ ಮಾಡುತ್ತಿದ್ದ ತಾಂತ್ರಿಕ ನಿರ್ದೇಶಕಿ ಗ್ಯಾಲಿನ್ ಸಸ್‌ಮನ್ ಅವರ ಕಂಪ್ಯೂಟರಿನಲ್ಲಿ ಇನ್ನೊಂದು ಪ್ರತಿ ಇತ್ತು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ಸ್ಟುಡಿಯೊಗೆ ತಂದರು. ಚಿತ್ರವನ್ನು ಕಾಪಾಡಿದ್ದು ಬೇರೊಂದು ಜಾಗದಲ್ಲಿ ಬಳಕೆಯಲ್ಲಿದ್ದ ಪ್ರತಿ.

2. ಪರರ ವಶದಲ್ಲಿರುವ ಪ್ರತಿ

ಜಾಲತಾಣಕ್ಕೆ ಏರಿಸಿದರೆ ಕೃತಿ ಭದ್ರವೆಂಬ ನಂಬಿಕೆಯೂ ಪರಿಶೀಲನೆಗೆ ನಿಲ್ಲುವುದಿಲ್ಲ. ಸರ್ವರ್ ಬದಲಾಯಿಸುವಾಗ ತನ್ನಲ್ಲಿದ್ದ ಹಳೆಯ ಹಾಡು, ಚಿತ್ರ, ವಿಡಿಯೊಗಳು ನಷ್ಟವಾದವೆಂದು ಸಾಮಾಜಿಕ ಜಾಲತಾಣ ಮೈಸ್ಪೇಸ್ 2019ರಲ್ಲಿ ಒಪ್ಪಿಕೊಂಡಿತು. ಅವುಗಳಲ್ಲಿ 5 ಕೋಟಿಗೂ ಮಿಕ್ಕಿ ಹಾಡುಗಳಿದ್ದವೆಂದು ಪತ್ರಿಕೆಗಳು ಅಂದಾಜಿಸಿದವು. ಸಂಶೋಧಕರು ಅಧ್ಯಯನಕ್ಕೆಂದು ಮೊದಲೇ ಇಳಿಸಿಕೊಂಡಿದ್ದ ಸುಮಾರು 4.9 ಲಕ್ಷ ಹಾಡುಗಳಷ್ಟೇ ಆಮೇಲೆ ಇಂಟರ್ನೆಟ್ ಆರ್ಕೈವ್ ಸೇರಿದವು. ಕ್ಲೌಡ್ ಸಿಂಕ್ ಕೂಡ ಪೂರ್ಣ ಬ್ಯಾಕಪ್ ಅಲ್ಲ: ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ.

3. ಕನ್ನಡ ಕಡತದ ವಿಶೇಷ ತೊಡಕು

ಕನ್ನಡ ಬರಹಗಾರರ ವಿಷಯದಲ್ಲಿ ಇನ್ನೊಂದು ಅಪಾಯವಿದೆ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಬಹುಕಾಲ ನಮ್ಮ ಬರವಣಿಗೆ, ಪುಟವಿನ್ಯಾಸ, ಮುದ್ರಣವೆಲ್ಲ ನುಡಿ, ಬರಹ ಮೊದಲಾದ ತಂತ್ರಾಂಶಗಳ ಫಾಂಟ್ ಆಧಾರಿತ ಸಂಕೇತಗಳಲ್ಲಿ ನಡೆದವು. ಇಲ್ಲಿ ಅಕ್ಷರದ ಬದಲು ಅದರ ಆಕಾರದ ತುಂಡುಗಳಿಗೆ ಸಂಕೇತ. ‘ಕನ್ನಡ’ ಎಂಬ ಪದವನ್ನೇ ನೋಡಬಹುದು. ಯೂನಿಕೋಡ್‌ನಲ್ಲಿ ಅದಕ್ಕೆ ಐದು ಸಂಕೇತ: ಕ, ನ, ವಿರಾಮ, ನ, ಡ. ನುಡಿಯ ಹಳೆಯ ಕಡತದಲ್ಲಿ ಏಳು. ತಲೆಕಟ್ಟು ಬೇರೆ, ಒತ್ತು ಬೇರೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ‘ನ’ ಇರಬೇಕಾದಲ್ಲಿ ಪೌಂಡ್ ನಾಣ್ಯದ ಚಿಹ್ನೆ ಕಾಣುತ್ತದೆ. ಕಡತದ ಒಂದು ಬೈಟ್ ಕೂಡ ನಷ್ಟವಾಗಿಲ್ಲ, ಆದರೂ ಓದಲು ಬರುವುದಿಲ್ಲ.

ಹಳೆಯ ಕಡತವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ, ಆದರೆ ಅವುಗಳ ಫಲಿತಾಂಶವನ್ನು ಕಣ್ಣುಮುಚ್ಚಿ ಒಪ್ಪುವಂತಿಲ್ಲ. ಹಳೆಯ ಸಂಕೇತದಲ್ಲಿ ಅರ್ಕಾವತ್ತು ವ್ಯಂಜನದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರೇಫ ಮೊದಲು. ಈ ಸ್ಥಾನಪಲ್ಲಟದಲ್ಲಿ ತಪ್ಪು ನುಸುಳಬಹುದು. ನಡುವೆ ಬಂದ ಇಂಗ್ಲಿಷ್ ಪದಗಳನ್ನೂ ಪರಿವರ್ತಕ ಕನ್ನಡದ ತುಂಡುಗಳೆಂದೇ ಭಾವಿಸಿ ಕಲಸಿಬಿಡುವುದುಂಟು.

4. ಅನುಸರಣೆ

ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚುರಪಡಿಸಿದ 3-2-1 ಸೂತ್ರ ಸರಳವಾದುದು: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲೋ ಬೇರೆ ಕಟ್ಟಡದಲ್ಲೋ. ಮೇಲಿನ ನಿದರ್ಶನಗಳ ಬಲದಿಂದ ಇದಕ್ಕೆ ಎರಡು ಅಂಶಗಳನ್ನು ಸೇರಿಸಬೇಕಾಗುತ್ತದೆ. ಮೊದಲನೆಯದು, ಮೂರು ತಿಂಗಳಿಗೊಮ್ಮೆಯಾದರೂ ಬ್ಯಾಕಪ್‌ನಿಂದ ಕೆಲವು ಕಡತಗಳನ್ನು ಬೇರೊಂದು ಕಂಪ್ಯೂಟರಿಗೆ ಇಳಿಸಿ ಓದುವುದು. ಎರಡನೆಯದು, ಹಳೆಯ ಸಂಕೇತದ ಮೂಲ ಕಡತ, ಅದರ ಫಾಂಟ್, ಯೂನಿಕೋಡ್ ರೂಪ ಹಾಗೂ ಪಿಡಿಎಫ್ ಇವನ್ನು ಒಟ್ಟಿಗೆ ಇಡುವುದು. ಪಿಡಿಎಫ್‌ನಲ್ಲಿ ಪುಟದ ರೂಪ ಉಳಿಯುವುದರಿಂದ ಪರಿವರ್ತಿತ ಪಾಠವನ್ನು ತಾಳೆ ನೋಡಲು ಅದೇ ಆಧಾರ.

ಈ ಕೆಲಸವನ್ನು ಮುಂದೂಡುವಂತಿಲ್ಲ. ಪರಿವರ್ತನೆಯಲ್ಲಿ ಬದಲಾದ ಪದ ಯಂತ್ರದ ತಪ್ಪೋ, ಆಡುನುಡಿಯನ್ನು ಹಾಗೆಯೇ ಹಿಡಿಯಲು ಲೇಖಕರು ಬೇಕೆಂದೇ ಬಳಸಿದ ರೂಪವೋ ಎಂದು ನಿಸ್ಸಂದೇಹವಾಗಿ ಹೇಳಬಲ್ಲವರು ಲೇಖಕರೊಬ್ಬರೇ. ಅವರಿರುವಾಗಲೇ ಮಾಡದಿದ್ದರೆ ಅದು ಮುಂದಿನ ಸಂಪಾದಕರ ಊಹೆಗೆ ಬಿಟ್ಟ ವಿಷಯವಾಗುತ್ತದೆ.