ಅಶ್ಮರಿಯ ಚರಿತ್ರೆ: ಮಕ್ಕಳ ಆಹಾರದ ನೆಲೆಯಿಂದ ಒಂದು ಅವಲೋಕನ

ಮೂತ್ರಕೋಶದಲ್ಲಿ ಕಟ್ಟುವ ಕಲ್ಲನ್ನು ಸಂಸ್ಕೃತ ವೈದ್ಯಗ್ರಂಥಗಳು ಅಶ್ಮರಿ ಎಂದು ಕರೆದಿವೆ. ಇದರ ಚರಿತ್ರೆಯನ್ನು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಚರಿತ್ರೆಯನ್ನಾಗಿ ಬರೆಯಲಾಗಿದೆ. ಅದು ಬಡಮಕ್ಕಳ ಊಟದ ಚರಿತ್ರೆಯೂ ಹೌದೆಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸುಶ್ರುತಸಂಹಿತೆಯ ನಿದಾನಸ್ಥಾನದ 3ನೆಯ ಅಧ್ಯಾಯವು ಈ ರೋಗದ ಲಕ್ಷಣಗಳನ್ನು ವಿವರಿಸುತ್ತದೆ: ಕಿಬ್ಬೊಟ್ಟೆಯ ನೋವು, ತಡೆತಡೆದು ಬರುವ ಮೂತ್ರ, ಅದರೊಡನೆ ರಕ್ತ. ಹೊಸ ಗಡಿಗೆಯಲ್ಲಿಟ್ಟ ತಿಳಿನೀರಿನಲ್ಲಿಯೂ ಕಾಲಾಂತರದಲ್ಲಿ ಗಸಿ ಕೂಡುವಂತೆ ಕಲ್ಲು ಕೂಡುತ್ತದೆಂಬುದು ಅಲ್ಲಿಯ ಹೋಲಿಕೆ. ಚಿಕಿತ್ಸಾಸ್ಥಾನದ 7ನೆಯ ಅಧ್ಯಾಯವು ಕಲ್ಲನ್ನು ಕೊಯ್ದು ತೆಗೆಯುವ ಕ್ರಮವನ್ನು ಹೇಳುತ್ತದೆ. ಕೊಯ್ಯದಿದ್ದರೆ ಸಾವು ನಿಶ್ಚಿತ, ಕೊಯ್ದರೂ ಬದುಕು ಸಂದೇಹ. ಆದುದರಿಂದ ಒಡೆಯನ ಅಪ್ಪಣೆ ಪಡೆದೇ ತೊಡಗಬೇಕೆಂದು ಅದು ಎಚ್ಚರಿಸುತ್ತದೆ. ಗ್ರೀಕರ ಹಿಪೊಕ್ರಟಿಸ್ ಪ್ರತಿಜ್ಞೆಯಾದರೋ ಈ ಕೆಲಸವನ್ನು ಅದರಲ್ಲಿ ನುರಿತವರಿಗೇ ಬಿಟ್ಟುಕೊಟ್ಟಿತು.

ಈ ರೋಗವು ವಿಶೇಷವಾಗಿ ಮಕ್ಕಳಲ್ಲಿ ಕಾಣಿಸುತ್ತದೆಂದು ಸುಶ್ರುತಸಂಹಿತೆ ಗುರುತಿಸಿದೆ. ಕ್ರಿ.ಶ. 1ನೆಯ ಶತಮಾನದ ರೋಮಿನ ಸೆಲ್ಸಸ್‌ ಕೂಡ 9ರಿಂದ 14 ವರ್ಷದ ಬಾಲಕರನ್ನೇ ಈ ಶಸ್ತ್ರಕ್ರಿಯೆಗೆ ತಕ್ಕವರೆಂದನು. ಮಕ್ಕಳಲ್ಲೇಕೆ ಎಂಬ ಪ್ರಶ್ನೆಗೆ ಸಂಹಿತೆ ಕೊಡುವ ಉತ್ತರ, ಹಗಲುನಿದ್ದೆ ಮತ್ತು ಸಿಹಿಯಾದ, ಜಡವಾದ ಆಹಾರದ ಮೇಲಿನ ಆಸೆ. ಅಂದರೆ ದೋಷ ಮಗುವಿನ ನಾಲಗೆಯದು. ಆಧುನಿಕ ಸಂಶೋಧನೆ ಈ ತೀರ್ಮಾನವನ್ನು ತಿರುವುಮುರುವಾಗಿಸಿತು. 1930ರ ಆಸುಪಾಸಿನಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಅವರು, ಆಹಾರದ ಕೊರತೆಯಿಂದ ಕಲ್ಲು ಕಟ್ಟಬಲ್ಲದೆಂದು ಇಲಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದರು. ಹಾಲು ಮೊದಲಾದವು ದೊರೆಯದೆ ಧಾನ್ಯವೊಂದನ್ನೇ ಉಂಡು, ಸಾಕಷ್ಟು ನೀರೂ ಕುಡಿಯದ ಮಗುವಿನ ಮೂತ್ರದಲ್ಲಿ ರಂಜಕದ ಅಂಶ ಕುಗ್ಗಿ, ಅಮೋನಿಯಂ ಯೂರೇಟಿನ ಕಲ್ಲು ಬೆಳೆಯುತ್ತದೆಂಬುದು ಮುಂದಿನ ಅಧ್ಯಯನಗಳಿಂದ ಸ್ಪಷ್ಟವಾಯಿತು. ಯೂರೋಪಿನಲ್ಲಿ ಮಕ್ಕಳ ಅಶ್ಮರಿ ಬಹುಮಟ್ಟಿಗೆ ಮರೆಯಾದದ್ದು ಊಟ ಸುಧಾರಿಸಿದ ಮೇಲೆ. ಇಂದು ಅಲ್ಲಿ ಇದು ಹೆಚ್ಚಾಗಿ ಪ್ರಾಸ್ಟೇಟ್ ಗ್ರಂಥಿ ಹಿಗ್ಗಿ ಮೂತ್ರ ಪೂರ್ತಿ ಹೊರಹೋಗದ ವೃದ್ಧರ ಕಾಯಿಲೆ.

ನಮ್ಮ ಜನಪದ ವೈದ್ಯದಲ್ಲಿ ಹುರುಳಿಕಟ್ಟು, ಬಾಳೆದಿಂಡಿನ ರಸ, ನೆಗ್ಗಿಲುಮುಳ್ಳಿನ ಕಷಾಯಗಳು ಇಂದಿಗೂ ಬಳಕೆಯಲ್ಲಿವೆ. ಇವುಗಳ ದಾಖಲಾತಿ ಅಗತ್ಯವೇ. ಆದರೆ ಮೂತ್ರ ಕಟ್ಟಿದವನನ್ನು ಕಷಾಯದ ಭರವಸೆಯಲ್ಲಿ ಮನೆಯಲ್ಲಿರಿಸಿದರೆ ಮೂತ್ರಪಿಂಡಗಳೇ ಕೆಡುವ ಅಪಾಯವಿದೆ ಎಂಬುದನ್ನು ಸಂಗ್ರಾಹಕನು ಮರೆಯಲಾಗದು. ಕ್ಷೇತ್ರಕಾರ್ಯದಲ್ಲಿ ನಾವು ಮದ್ದಿನ ಹೆಸರು, ಪ್ರಮಾಣ, ಪಥ್ಯಗಳನ್ನು ಬರೆದುಕೊಳ್ಳುತ್ತೇವೆ. ರೋಗಿ ದಿನವೂ ಏನುಣ್ಣುತ್ತಿದ್ದ ಎಂದು ಕೇಳುವುದು ವಿರಳ. ಅಶ್ಮರಿಯ ಚರಿತ್ರೆ ಕಲಿಸುವುದು ಆ ಪ್ರಶ್ನೆಯನ್ನೇ.