ಅಜ್ಜನ ರೇಡಿಯೋ ಮತ್ತು ರಾತ್ರಿಯ ಗದ್ದಲ

ಉಣಕಲ್‌ನ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಅಜ್ಜನ ರೇಡಿಯೋದಿಂದ. ಆಕಾಶವಾಣಿ ಧಾರವಾಡ, 392.2 ಮೀಟರ್, ಅಂದರೆ 765 ಕಿಲೋಹರ್ಟ್ಸ್... ಮಗ್ಗಿಗಿಂತ ಮೊದಲು ನನಗೆ ಬಾಯಿಪಾಠವಾದ ಸಂಖ್ಯೆಗಳಿವು!

ಇಂಜಿನಿಯರಿಂಗ್ ಓದುವಾಗ ಒಮ್ಮೆ ಗೆಳೆಯರ ಜೊತೆ ಆ ನಿಲಯ ನೋಡಲು ಹೋಗಿದ್ದೆ. ಹೊರಗಿನ ಸದ್ದು ಒಳಗೆ ಬಿಡದ ದಪ್ಪ ಬಾಗಿಲಿನ ಸ್ಟುಡಿಯೋ. ಪ್ರಸಾರಕದ ಶಕ್ತಿ 200 ಕಿಲೋವ್ಯಾಟ್ ಎಂದಾಗ ಬಾಯಿ ತೆರೆದು ನಿಂತೆವು. ನೂರು ವ್ಯಾಟಿನ ಎರಡು ಸಾವಿರ ಬಲ್ಬು ಒಟ್ಟಿಗೆ ಹೊತ್ತಿಸಿದಷ್ಟು.

ಈ ನಿಲಯ ಶುರುವಾದದ್ದು 1950ರ ಜನವರಿ 8ರಂದು. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲೇ ತಮ್ಮ ಮನೆಯಿಂದ ಪ್ರಸಾರ ಮಾಡಿದ್ದರು. ಆದರೆ ಧಾರವಾಡ ಆಗ ಮುಂಬಯಿ ಪ್ರಾಂತದಲ್ಲಿತ್ತು, ಕಲಬುರ್ಗಿ ಹೈದರಾಬಾದಿನಲ್ಲಿ, ಮಂಗಳೂರು ಮದ್ರಾಸಿನಲ್ಲಿ. ಏಕೀಕರಣಕ್ಕೆ ಇನ್ನೂ ಆರು ವರ್ಷವಿತ್ತು. ತರಂಗಕ್ಕೆ ಆ ಗಡಿಗಳು ಗೊತ್ತಿರಲಿಲ್ಲ. ಮುಂದೆ ಬೇಂದ್ರೆ, ಮಲ್ಲಿಕಾರ್ಜುನ ಮನಸೂರರಂಥವರು ಇದೇ ನಿಲಯದ ಸಲಹೆಗಾರರಾದರು.

ಇದನ್ನೆಲ್ಲ ಮನೆಗೆ ಬಂದು ಅಜ್ಜನಿಗೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಹಗಲೊತ್ತಿನ್ಯಾಗ ಛಂದ ಕೇಳಸ್ತದ, ರಾತ್ರಿ ಯಾಕ ಬ್ಯಾರೆ ಸ್ಟೇಷನ್ ಬಂದು ಗದ್ದಲ ಹಾಕ್ತಾವ?" ನನಗೆ ಗೊತ್ತಿರಲಿಲ್ಲ. "ನಿಮ್ಮ ರೇಡಿಯೋ ಹಳೇದಾಗೇದ ಅಜ್ಜಾ" ಎಂದು ನಕ್ಕುಬಿಟ್ಟೆ.

ಉತ್ತರ ಸುಲಭವಿತ್ತು. ಹಗಲಲ್ಲಿ ಮೀಡಿಯಂವೇವ್ ನೆಲಕ್ಕಂಟಿಕೊಂಡೇ ಹೋಗುತ್ತದೆ. ಮೇಲೆ ಹೋದದ್ದನ್ನು ಬಿಸಿಲಿಗೆ ಹುಟ್ಟುವ ಅಯಾನುಗೋಳದ ಕೆಳಪದರ ನುಂಗಿಬಿಡುತ್ತದೆ. ರಾತ್ರಿ ಆ ಪದರ ಕರಗಿ, ಮೇಲಿನ ಪದರದಿಂದ ಪುಟಿದು ದೂರದೂರದ ನಿಲಯಗಳೆಲ್ಲ ನಮ್ಮೂರಿಗೆ ಇಳಿಯುತ್ತವೆ. ಶಾರ್ಟ್‌ವೇವ್ ಹಗಲಲ್ಲೂ ಹೀಗೆ ಪುಟಿಯಬಲ್ಲದು. ಅದಕ್ಕೇ ಬೆಂಗಳೂರಿನ ಹೊರವಲಯದಲ್ಲಿ ಹೊರದೇಶಗಳಿಗೆ ಕೇಳಿಸಲೆಂದು 500 ಕಿಲೋವ್ಯಾಟಿನ ಶಾರ್ಟ್‌ವೇವ್ ಪ್ರಸಾರಕಗಳನ್ನು ಹಾಕಿದ್ದು.

ಇದನ್ನು ಓದಿ ತಿಳಿದುಕೊಳ್ಳುವ ಹೊತ್ತಿಗೆ ಅಜ್ಜ ಇರಲಿಲ್ಲ. ಅವರ ರೇಡಿಯೋ ಹಳೆಯದಾಗಿರಲಿಲ್ಲ, ಆಕಾಶವೇ ಬದಲಾಗುತ್ತಿತ್ತು ಎಂದು ಹೇಳಬೇಕಿತ್ತು. ಪದವಿ ನನ್ನ ಹತ್ತಿರವಿತ್ತು, ಒಳ್ಳೆಯ ಪ್ರಶ್ನೆ ಅವರ ಹತ್ತಿರ.

ನಿಮ್ಮ ಮನೆಯಲ್ಲೂ ಇಂಥ ಪ್ರಶ್ನೆ ಕೇಳುವವರಿದ್ದರೆ, ನಗುವ ಮೊದಲು ಸ್ವಲ್ಪ ಯೋಚಿಸಿ...