ಪೆಟ್ಟಿನ ನಂತರದ ಅಪೆಂಡಿಸೈಟಿಸ್

ಹೊಟ್ಟೆಗೆ ಮೊಂಡು ಪೆಟ್ಟು ಬಿದ್ದ ಕೆಲವು ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಕಾಣಿಸಿಕೊಳ್ಳುವ ಅಪೆಂಡಿಕ್ಸ್‌ನ ಉರಿಯೂತ. ಅಪರೂಪದ ಸ್ಥಿತಿ. ಸೈಕಲ್ ಹ್ಯಾಂಡಲ್‌ನ ಗುದ್ದು, ದನದ ಒದೆತ, ಬೈಕಿನಿಂದ ಬೀಳುವುದು ಮುಂತಾದ, ಚರ್ಮ ಹರಿಯದ ಏಟುಗಳು ಮೊಂಡು ಪೆಟ್ಟುಗಳು.

ಕಾರಣ: ಅಪೆಂಡಿಕ್ಸ್ ದೊಡ್ಡ ಕರುಳಿನ ಆರಂಭಕ್ಕೆ ಅಂಟಿದ, ಸಾಮಾನ್ಯವಾಗಿ 6ರಿಂದ 9 ಸೆಂ.ಮೀ. ಉದ್ದದ, ತುದಿ ಮುಚ್ಚಿದ ಕಿರುನಾಳ. ಇದರ ಬಾಯಿ ಕಟ್ಟಿದರೆ ಒಳಗೆ ಒತ್ತಡ ಏರಿ ರಕ್ತಸಂಚಾರ ಕುಗ್ಗುತ್ತದೆ, ಸೋಂಕು ಬೆಳೆಯುತ್ತದೆ. ಪೆಟ್ಟಿನಿಂದಾದ ಬಾವು ಅಥವಾ ಹೆಪ್ಪುಗಟ್ಟಿದ ರಕ್ತ ನಾಳವನ್ನು ಅದುಮಿ ಹೀಗಾಗಬಹುದು ಎಂಬುದು ಒಂದು ವಿವರಣೆ. ಆದರೆ ಅಪೆಂಡಿಸೈಟಿಸ್ ಪೆಟ್ಟಿಲ್ಲದೆಯೂ ಸಾಮಾನ್ಯವಾಗಿ ಬರುವ ರೋಗವಾದ್ದರಿಂದ, ಎರಡೂ ಕಾಕತಾಳೀಯವಾಗಿ ಕೂಡಿಬಂದಿರುವ ಸಾಧ್ಯತೆಯನ್ನು ತಳ್ಳಿಹಾಕುವುದು ಕಷ್ಟ.

ಜಾದೂಗಾರ ಹ್ಯಾರಿ ಹೂಡಿನಿ ಇದರ ಪ್ರಸಿದ್ಧ ಉದಾಹರಣೆ. 1926ರ ಅಕ್ಟೋಬರ್ 22ರಂದು ಮಾಂಟ್ರಿಯಲ್‌ನಲ್ಲಿ ಯುವಕನೊಬ್ಬ ಅವರ ಹೊಟ್ಟೆಗೆ ಗುದ್ದಿದ. ಅಪೆಂಡಿಕ್ಸ್ ಒಡೆದು ಹೊಟ್ಟೆಯೊಳಗೆ ಸೋಂಕು ಹರಡಿ, ಅಕ್ಟೋಬರ್ 31ರಂದು ಡೆಟ್ರಾಯಿಟ್‌ನಲ್ಲಿ ಅವರು ತೀರಿಕೊಂಡರು. ಗುದ್ದೇ ಕಾರಣವೇ, ಅಥವಾ ಮೊದಲೇ ಇದ್ದ ರೋಗವನ್ನು ಅದರ ನೋವು ಮರೆಮಾಚಿತೇ ಎಂಬ ಚರ್ಚೆ ಮುಗಿದಿಲ್ಲ.

ಲಕ್ಷಣ ಮತ್ತು ಪತ್ತೆ: ಹೊಕ್ಕಳ ಸುತ್ತ ಶುರುವಾದ ನೋವು ಕಿಬ್ಬೊಟ್ಟೆಯ ಬಲಭಾಗಕ್ಕೆ ಇಳಿಯುವುದು, ಊಟ ಸೇರದಿರುವುದು, ವಾಂತಿ, ಜ್ವರ ಮುಖ್ಯ ಲಕ್ಷಣಗಳು. ಏಟಿನ ನೋವು ದಿನಕಳೆದಂತೆ ತಗ್ಗಬೇಕು. ಹೆಚ್ಚುತ್ತ ಹೋದರೆ ಮರುಪರೀಕ್ಷೆ ಅಗತ್ಯ. ರಕ್ತಪರೀಕ್ಷೆ, ಅಲ್ಟ್ರಾಸೌಂಡ್, ಸಿ.ಟಿ. ಸ್ಕ್ಯಾನ್ ನೆರವಾಗುತ್ತವೆ. ಯಕೃತ್ತು, ಗುಲ್ಮ, ಕರುಳುಗಳಿಗೆ ಗಾಯವಾಗಿದೆಯೇ ಎಂಬುದನ್ನೂ ನೋಡಬೇಕಾಗುತ್ತದೆ.

ಚಿಕಿತ್ಸೆ: ಆ್ಯಂಟಿಬಯಾಟಿಕ್ ಕೊಟ್ಟು, ತೆರೆದ ಅಥವಾ ಲ್ಯಾಪರೋಸ್ಕೋಪಿ ಶಸ್ತ್ರಚಿಕಿತ್ಸೆಯಿಂದ ಅಪೆಂಡಿಕ್ಸ್ ತೆಗೆಯುವುದು ರೂಢಿ. ಹೊಟ್ಟೆ ನೀವುವುದು, ಭೇದಿಗೆ ಹರಳೆಣ್ಣೆ ಕುಡಿಸುವುದು ಅಪಾಯ.

ನಂಜನಗೂಡು–ತಿ. ನರಸೀಪುರ ಭಾಗದಲ್ಲಿ: ಬೇಸಾಯ, ದನಕರುಗಳ ಒಡನಾಟ, ಎರಡೂ ಪಟ್ಟಣಗಳನ್ನು ಹಾದುಹೋಗುವ 766ನೇ ರಾಷ್ಟ್ರೀಯ ಹೆದ್ದಾರಿಯ ಸಂಚಾರ ಇಂಥ ಪೆಟ್ಟುಗಳಿಗೆ ಎಡೆಮಾಡುತ್ತವೆ. ಮೊದಲ ತಪಾಸಣೆಗೆ ತಾಲ್ಲೂಕು ಆಸ್ಪತ್ರೆಗಳಿವೆ. ಹೆಚ್ಚಿನ ಚಿಕಿತ್ಸೆಗೆ ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಕೆ.ಆರ್. ಆಸ್ಪತ್ರೆ ಹತ್ತಿರದಲ್ಲಿದೆ. ತುರ್ತಿಗೆ 108 ಆಂಬುಲೆನ್ಸ್ ಕರೆಯಬಹುದು. ಅಪಘಾತ ಅಥವಾ ಹೊಡೆದಾಟದ ಪ್ರಕರಣಗಳಲ್ಲಿ ಪೆಟ್ಟಿಗೂ ರೋಗಕ್ಕೂ ಇರುವ ನಂಟು ಪರಿಹಾರದ ಪ್ರಶ್ನೆಯೂ ಆಗುವುದರಿಂದ, ಪೆಟ್ಟು ಬಿದ್ದ ಸಮಯ, ಜಾಗ ಮತ್ತು ನೋವು ಬೆಳೆದ ಕ್ರಮವನ್ನು ಮೊದಲ ಭೇಟಿಯಲ್ಲೇ ದಾಖಲಿಸುವುದು ಮುಖ್ಯ.